ಎದುರಿಗೆ ಬಂದು ಕರೆಯುವ ಮನೆ

ನಮ್ಮ ಮನೆಯಲ್ಲಿ ಯಾರೂ ಒಬ್ಬರ ಎದುರು ಒಬ್ಬರು ನಿಂತು ಮಾತಾಡುತ್ತಿರಲಿಲ್ಲ. ಅಪ್ಪ ಮುಂಬಾಗಿಲ ಸಿಟೌಟಿನಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನ ಚಹಾವನ್ನು ಕೂಗಿ ಕೇಳುತ್ತಿದ್ದರು. ಅಮ್ಮ ಅಡುಗೆಕೋಣೆಯಲ್ಲಿ ಕಾಯಿ ತುರಿಯುತ್ತ, ಚಾವಡಿಯಲ್ಲಿದ್ದ ನನ್ನ ಪರೀಕ್ಷೆಯ ಮಾರ್ಕು ವಿಚಾರಿಸುತ್ತಿದ್ದಳು. ಅಜ್ಜಿ ಬಚ್ಚಲಿನಿಂದ ಟವೆಲು ಕೇಳಿದರೆ, ಅವಳ ಸ್ನಾನ ಮುಗಿಯಿತೆಂದು ರಸ್ತೆಯಲ್ಲಿ ಹೋಗುವವರಿಗೂ ತಿಳಿಯುತ್ತಿತ್ತು. ಮನೆ ಏನೂ ದೊಡ್ಡದಲ್ಲ. ಪುತ್ತೂರಿನ ದರ್ಬೆಯ ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಲೇಔಟಿನಲ್ಲಿ, ಎರಡು ಮಲಗುವ ಕೋಣೆ, ಒಂದು ಚಾವಡಿ, ಕಬ್ಬಿಣದ ಗೇಟು. ಆದರೆ ನಮ್ಮ ಮನೆಯವರು ಬಂದದ್ದು ಸುಳ್ಯದ ಕಡೆಯ ಹಳ್ಳಿಮನೆಯಿಂದ. ಅಲ್ಲಿ ಬಾವಿಕಟ್ಟೆಯಿಂದ ಹಟ್ಟಿಗೆ ಕೂಗಿಯೇ ಹೇಳಬೇಕು. ಪುತ್ತೂರಿಗೆ ಬರುವಾಗ ಅವರು ಸಾಮಾನು ಕಡಿಮೆ ಮಾಡಿದರು, ಸ್ವರ ಕಡಿಮೆ ಮಾಡಲಿಲ್ಲ. ಮೇಲಾಗಿ ಅಪ್ಪನದು ಪಂಪಿನ ಮೋಟಾರು ರಿಪೇರಿಯ ಅಂಗಡಿ. ಇಡೀ ದಿನ ತಿರುಗುವ ಮೋಟಾರುಗಳ ಮೇಲಿಂದ ಮಾತಾಡಿದವರಿಗೆ ಮನೆಯ ಮೌನ ಅಳತೆಗೆ ಸಿಗುತ್ತಿರಲಿಲ್ಲ.

ನಾನು ಇನ್ನೊಂದು ಕೋಣೆಯಿಂದ ಬಂದ ಕೂಗಿಗೆ ಉತ್ತರ ಕೊಡುತ್ತಿರಲಿಲ್ಲ. ಹಟದಿಂದ ಅಲ್ಲ, ಕರೆದರೆ ಎದ್ದು ಹೋಗಿ ಕರೆದವರ ಬಳಿ ನಿಲ್ಲುತ್ತಿದ್ದೆ. ನನ್ನ ಮಟ್ಟಿಗೆ ಅದೇ ಉತ್ತರ. ಅವರ ಮಟ್ಟಿಗೆ ಅದು ಕೊರತೆ. ಮನೆಯಲ್ಲಿ ನಾವಾಡುವುದು ಅರೆಭಾಷೆ. ಓದುವವರಿಗೆ ತೊಡಕಾಗದಿರಲೆಂದು ಇಲ್ಲಿ ಊರ ಕನ್ನಡದಲ್ಲಿ ಬರೆಯುತ್ತೇನೆ. ಒಂದು ಪದ ಮಾತ್ರ ಹಾಗೆಯೇ ಇರಲಿ. ಹುಡುಗಿಯನ್ನು ನಾವು ‘ಗೂಡೆ’ ಎನ್ನುತ್ತೇವೆ. ಅಜ್ಜಿ ನನ್ನನ್ನು ಕರೆಯುತ್ತಿದ್ದುದು ಹಾಗೆ.

“ಈ ಗೂಡೆಗೆ ಬಾಯಿ ಇಲ್ವಾ? ಕರೆದ್ರೆ ಓ ಅನ್ಲಿಕ್ಕೆ ಎಂತ ದಾಡಿ?”

“ಬಾಯಿ ಉಂಟು ಅತ್ತೆ, ಊಟಕ್ಕೆ ಮಾತ್ರ,” ಅಮ್ಮ ಒಳಗಿನಿಂದ ಹೇಳುತ್ತಿದ್ದಳು.

ನಾಯಿ ಬೇಕೆಂದದ್ದು ಅಪ್ಪ. ಎದುರುಮನೆಯ ಅಂಗಳದಿಂದ ಯಾರೋ ಸೈಕಲು ಕೊಂಡೊಯ್ದಿದ್ದರು. ನಮ್ಮ ಮನೆಯ ಬದಿಯಲ್ಲಿ ಬಿಚ್ಚಿಟ್ಟ ಮೋಟಾರುಗಳ ತಾಮ್ರದ ಸುರುಳಿ ಯಾವಾಗಲೂ ಇರುತ್ತಿತ್ತು. ಯಾರು ಬಂದರೂ ಬೊಗಳುವ ನಾಯಿ ಬೇಕು, ಅಷ್ಟೆ. ಅಂಗಡಿಯ ಗಿರಾಕಿಯೊಬ್ಬರ ಮನೆಯಲ್ಲಿ, ರಾಮಕುಂಜದಲ್ಲಿ, ಮರಿಗಳಿದ್ದವು. ಆರಿಸುವ ಕೆಲಸವನ್ನು ಅಜ್ಜಿ ಯಾರಿಗೂ ಬಿಡಲಿಲ್ಲ. ತನ್ನ ಕಾಲದಲ್ಲಿ ತಾನು ಆರಿಸಿದ ನಾಯಿಗಳ ಹೆಸರು ಹೇಳುತ್ತ ಬಸ್ಸಿನುದ್ದಕ್ಕೂ ಕೂತಿದ್ದಳು. ಅವಳಿಗೆ ಅದೊಂದು ಶಾಸ್ತ್ರ. ಮರಿಯ ಕಾಲೆತ್ತಿ ಉಗುರು ನೋಡಿದಳು. ಹಿಂಗಾಲಿನಲ್ಲಿ ಹೆಚ್ಚಿನ ಉಗುರು ಇದ್ದರೆ ಕಾವಲಿಗೆ ಒಳ್ಳೆಯದು. ಬಾಯಿ ಅಗಲಿಸಿ ಅಂಗುಳ ನೋಡಿದಳು. ಕಪ್ಪಾದಷ್ಟೂ ಸಿಟ್ಟು ಹೆಚ್ಚು. ಕುತ್ತಿಗೆಯ ಚರ್ಮ ಹಿಡಿದು ಎತ್ತಿದಳು, ಕುಂಯ್‌ಗುಟ್ಟಿದವನ್ನು ಕೆಳಗಿಟ್ಟಳು. ಕೊನೆಯ ಪರೀಕ್ಷೆಗೆ ಆ ಮನೆಯವರಿಂದ ಅಲ್ಯೂಮಿನಿಯಂ ತಟ್ಟೆ ಮತ್ತು ಸೌಟು ಕೇಳಿ ತೆಗೆದುಕೊಂಡು, ಮರಿಗಳ ಬೆನ್ನ ಹಿಂದೆ ಹೋಗಿ ಒಮ್ಮೆಲೇ ಬಡಿದಳು. ಮರಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಸೌದೆಯ ಅಡಿಗೆ ನುಗ್ಗಿದವು. ತಾಯಿನಾಯಿ ಕೂಡ ಎದ್ದು ನಿಂತಿತು. ಒಂದು ಬಿಳಿಯ ಗಂಡುಮರಿ ಮಾತ್ರ ಕೂತಲ್ಲೇ ಕೂತು ತನ್ನ ಕಾಲು ನೆಕ್ಕುತ್ತಿತ್ತು. ಅದರ ಒಂದು ಕಣ್ಣು ತಿಳಿನೀಲಿ, ಇನ್ನೊಂದು ಕಂದು.

“ನೋಡಿ, ನೋಡಿ! ಆಕಾಶ ಬಿದ್ರೂ ಹೆದರುವ ಜಾತಿ ಅಲ್ಲ ಇದು,” ಅಜ್ಜಿ ತಟ್ಟೆ ಕೆಳಗಿಟ್ಟಳು. “ಇದೇ ಸಾಕು.”

ಬಿಳಿ ನಾಯಿಗೆ ತುಳು ಮಾತಾಡುವ ಮನೆಗಳಲ್ಲಿ ಇಡುವ ಹೆಸರು ಬೊಳ್ಳು. ಆ ಮನೆಯವರು ಹಾಗೆ ಕರೆಯುತ್ತಿದ್ದರು, ನಾವೂ ಅದನ್ನೇ ಉಳಿಸಿಕೊಂಡೆವು. ಹೊಸ ಮರಿಯನ್ನು ಒಲೆಗೆ ಸುತ್ತು ತಂದು ಮೂಗಿಗೆ ಬೂದಿ ತಾಗಿಸಿದರೆ ಅದು ಮನೆ ಬಿಟ್ಟು ಹೋಗುವುದಿಲ್ಲ ಎಂಬುದು ಅಜ್ಜಿಯ ಮನೆಯ ಪದ್ಧತಿ. ದರ್ಬೆಯ ಅಡುಗೆಕೋಣೆಯಲ್ಲಿ ಇದ್ದದ್ದು ಕಟ್ಟೆಯ ಮೇಲಿನ ಗ್ಯಾಸ್ ಒಲೆ. ಅದಕ್ಕೆ ಸುತ್ತು ಬರಲು ಗೋಡೆ ಅಡ್ಡ. ಅಜ್ಜಿ ಸ್ವಲ್ಪ ಯೋಚಿಸಿ, ಸಿಲಿಂಡರನ್ನು ಎಳೆದು ನಡುವೆ ನಿಲ್ಲಿಸಿ, ಬೊಳ್ಳುವನ್ನು ಎತ್ತಿಕೊಂಡು ಅದಕ್ಕೆ ಸುತ್ತು ಬಂದಳು. ಒಲೆಯ ಬೂದಿಯ ಬದಲು ದೇವರ ಮುಂದಿನ ಊದುಬತ್ತಿಯ ಬೂದಿ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದುದನ್ನು ನಾನೊಬ್ಬಳೇ ನೋಡಿದೆ.

ಮೊದಲ ತಿಂಗಳುಗಳಲ್ಲಿ ಅವನ ಗಾಂಭೀರ್ಯವೇ ಮನೆಯ ಹೆಮ್ಮೆ. ಬೀದಿಯಲ್ಲಿ ಪಟಾಕಿ ಸಿಡಿದರೆ ಲೇಔಟಿನ ನಾಯಿಗಳೆಲ್ಲ ಊಳಿಡುತ್ತಿದ್ದವು, ಬೊಳ್ಳು ಅನ್ನದ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಆದರೆ ಅವನು ಬೊಗಳಬೇಕಾದಾಗಲೂ ಬೊಗಳುತ್ತಿರಲಿಲ್ಲ. ಮೀಟರು ನೋಡುವವರು ಗೇಟು ತೆಗೆದು, ಅವನನ್ನು ದಾಟಿ, ಮೀಟರು ನೋಡಿ, ಮತ್ತೆ ದಾಟಿ ಹೋದರು. ಗ್ಯಾಸಿನವರು ಸಿಲಿಂಡರನ್ನು ಅವನ ಪಕ್ಕದಲ್ಲೇ ಇಳಿಸಿದ ಮೇಲೆ ಎದ್ದು ಕೂತ. ಇನ್ನು ಕೆಲವೊಮ್ಮೆ, ಯಾರೂ ಇಲ್ಲದಾಗ, ಗಾಳಿಗೆ ಹಗ್ಗದ ಮೇಲೆ ಹಾರಿದ ಲುಂಗಿಯನ್ನು ನೋಡಿ ಗಂಟಲು ಹರಿಯುವಂತೆ ಬೊಗಳುತ್ತಿದ್ದ. ಹೆಸರು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಊಟದ ಹೊತ್ತಿಗೆ ಮೀನಿನ ವಾಸನೆ ಹಿಡಿದು ತಾನೇ ಬರುತ್ತಿದ್ದುದರಿಂದ, ಅವನು ಬೇಕಾದಾಗ ಮಾತ್ರ ಕೇಳುವ ಜಾತಿಯವನೆಂದು ಎಲ್ಲರೂ ತೀರ್ಮಾನಿಸಿದರು.

“ನಾಯಿ ತಂದದ್ದಾ, ಅಳಿಯನನ್ನು ತಂದದ್ದಾ?” ಅಪ್ಪ ಅಂಗಳದಿಂದ ಕೂಗಿ ಕೇಳುತ್ತಿದ್ದರು. “ಕರೆದ್ರೆ ಮುಖ ಕೂಡಾ ಎತ್ತುದಿಲ್ಲ ಮಾರಾಯ್ರೆ.”

“ನಿನ್ನ ಮಗಳನ್ನು ನೋಡಿ ಕಲ್ತದ್ದು,” ಎಂದಳು ಅಜ್ಜಿ.

ಆ ಮಾತಿಗೆ ನನಗೆ ಬೇಸರವಾಗಲಿಲ್ಲ. ಮನೆಯಲ್ಲಿ ನನ್ನ ಹಾಗೆ ಇನ್ನೊಬ್ಬನಿದ್ದಾನೆ ಅನ್ನಿಸಿತು.

ಒಂದು ಮಧ್ಯಾಹ್ನ ಬೊಳ್ಳು ಸಿಟೌಟಿನ ಮೆಟ್ಟಿಲಿಗೆ ಅಡ್ಡ ಮಲಗಿ ನಿದ್ದೆಹೋಗಿದ್ದ. ಊಟಕ್ಕೆ ಬಂದ ಅಪ್ಪ ಹೆಸರು ಹಿಡಿದು ಕರೆದರು, ಗದರಿದರು, ಕೊನೆಗೆ ಹಿಂದಿನಿಂದ ಬಗ್ಗಿ ಕುತ್ತಿಗೆಯ ಬೆಲ್ಟು ಹಿಡಿದೆಳೆದರು. ಬೊಳ್ಳು ನಿದ್ದೆಯಿಂದ ಸಿಡಿದೆದ್ದು, ಕಣ್ಣು ಪೂರ್ತಿ ತೆರೆಯುವ ಮೊದಲೇ ಕೈ ಕಚ್ಚಿದ. ಮರುಕ್ಷಣ ಅಪ್ಪನ ಮುಖ ಕಂಡು ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಿದ. ಗಾಯ ದೊಡ್ಡದಲ್ಲ. ಅವನಿಗೆ ಲಸಿಕೆ ಆಗಿತ್ತು. ಆದರೂ ಅಮ್ಮ ನಲ್ಲಿಯ ಕೆಳಗೆ ಸಾಬೂನು ಹಾಕಿ ಬಹಳ ಹೊತ್ತು ತೊಳೆಸಿ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಿಯೇ ಬಂದಳು. ಅಪ್ಪನಿಗೆ ನೋವಾದದ್ದು ಕೈಗಲ್ಲ. ಮೂಳೆಯಿಂದ ಮಾಂಸ ಬಿಡಿಸಿ ಅವನಿಗೆ ಹಾಕುತ್ತಿದ್ದ ಕೈ ಅದು. ಸಂಜೆ ನನ್ನ ಸೋದರಮಾವನಿಗೆ ಫೋನು ಮಾಡಿದರು. ಭಾನುವಾರ ಪಿಕಪ್ಪಿನಲ್ಲಿ ಬಂದು ಇದನ್ನು ಕೊಂಡುಹೋಗಬೇಕು, ಅಷ್ಟು ದೊಡ್ಡ ರಬ್ಬರು ತೋಟದಲ್ಲಿ ಇದಕ್ಕೊಂದು ಮೂಲೆ ಸಿಗದೆ ಇರದು.

ಮಾವನ ತೋಟ ಸುಳ್ಯದಿಂದಲೂ ಆಚೆ, ಕಾಡಿಗೆ ತಾಗಿಕೊಂಡಿದೆ. ಅಲ್ಲಿ ನಾಯಿಗಳು ಬಾಳುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಹಿಂದೊಮ್ಮೆ ನಾನು ಅಲ್ಲಿಯ ನಾಯಿಯ ಹೆಸರು ಕೇಳಿದಾಗ ಮಾವ ನಕ್ಕಿದ್ದರು.

“ನಾವು ನಾಯಿಗೆ ಹೆಸರಿಡುದಿಲ್ಲ ಮಗಾ. ಹೆಸರು ನಮ್ಮ ಬಾಯಿಗೆ ಅಭ್ಯಾಸ ಆಗುವಷ್ಟರಲ್ಲಿ ಚಿರತೆ ಕೊಂಡೋಗಿರ್ತದೆ.”

ಅದನ್ನು ನೆನೆದು ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಪಕ್ಕದ ಮನೆಯ ಮೈಮೂನಕ್ಕ. ಅವರ ಗಂಡ ಸೌದಿಯ ದಮ್ಮಾಮಿನಲ್ಲಿದ್ದರು. ಹಲಸಿನ ಬೇರು ಎತ್ತಿ ನಮ್ಮ ನಡುವಿನ ಕಾಂಪೌಂಡು ಒಂದು ಕಡೆ ಮೊಣಕಾಲೆತ್ತರಕ್ಕೆ ಕುಸಿದಿತ್ತು. ಅದರಾಚೆಗೆ ಅವರು ಬಟ್ಟೆ ಒಗೆಯುವ ಕಲ್ಲು, ಮೀನು ಕೊಯ್ಯುವ ಜಾಗ. ಬೊಳ್ಳುವಿಗೆ ಆ ಜಾಗ ಬಹಳ ಪ್ರೀತಿ. ಆದರೆ ಅವರು ಅವನನ್ನು ಮುಟ್ಟುವಂತಿಲ್ಲ. ಅದನ್ನು ಅವರು ಮೊದಲ ವಾರವೇ ನನಗೆ ಬಿಡಿಸಿ ಹೇಳಿದ್ದರು.

“ನಮ್ಮಲ್ಲಿ ನಾಯಿಯ ಎಂಜಲು ತಾಗಿದ್ರೆ ಏಳು ಸರ್ತಿ ತೊಳೀಬೇಕು, ಅದ್ರಲ್ಲಿ ಒಂದು ಸರ್ತಿ ಮಣ್ಣು ಹಾಕಿ. ನಂಗೆ ಇವನ ಮೇಲೆ ಕೋಪ ಇಲ್ಲ ಮಾರಾಯ್ತಿ. ನಮಾಜಿನ ಬಟ್ಟೆ ಉಂಟಲ್ವಾ, ಅದಕ್ಕೆ.”

ಹಾಗೆಂದು ಅವರು ಅವನನ್ನು ಓಡಿಸಲಿಲ್ಲ. ಬಂಗುಡೆಯ ತಲೆಗಳನ್ನು ಬಾಳೆಲೆಯ ಚೂರಿನಲ್ಲಿ ಆ ಕುಸಿದ ಗೋಡೆಯ ಮೇಲಿಟ್ಟು, ತಾವು ಹಿಂದೆ ಸರಿದು ನಿಲ್ಲುತ್ತಿದ್ದರು. ಅವನು ತಿಂದು, ಮುಂದೆ ಬರಬೇಕೆಂದು ನೋಡುವಾಗ ಅಂಗೈ ಚಪ್ಪಟೆ ಮಾಡಿ ಅವನ ಮುಖಕ್ಕೆ ತೋರಿಸುತ್ತಿದ್ದರು. ಬೊಳ್ಳು ಅಲ್ಲೇ ಕೂತುಬಿಡುತ್ತಿದ್ದ. ಅನ್ನ ಹಾಕುವ ನಮ್ಮ ಮಾತು ಕೇಳದವನು, ಒಮ್ಮೆಯೂ ತಲೆ ಸವರದ ಹೆಂಗಸಿನ ಕೈಗೆ ನಿಲ್ಲುತ್ತಿದ್ದ. ಶನಿವಾರ ಸಂಜೆ ನಾನು ಆ ಗೋಡೆಯ ಬಳಿ ಕೂತು, ಅವನನ್ನು ಮಾವ ಕೊಂಡುಹೋಗುತ್ತಾರೆ ಎಂದೆ. ಮೈಮೂನಕ್ಕ ಕೈಯಲ್ಲಿದ್ದ ಮೀನು ಬಿಟ್ಟು ಎದ್ದರು.

“ಕಚ್ಚಿದ್ದು ನಾನು ನೋಡಿದ್ದೇನೆ. ನಿನ್ನ ಅಪ್ಪ ಹಿಂದಿನಿಂದ ಹಿಡಿದ್ರು. ಅವನಿಗೆ ಗೊತ್ತೇ ಆಗ್ಲಿಲ್ಲ. ನಿಂಗೊಂದು ಹೇಳ್ತೇನೆ, ನಿಮ್ಮಲ್ಲಿ ಯಾರಿಗೂ ಕಾಣ್ಲಿಲ್ವಾ? ಇವನಿಗೆ ಕಿವಿ ಕೇಳುದಿಲ್ಲ.”

ನಾನು ಬೊಳ್ಳುವನ್ನು ನೋಡಿದೆ.

“ಶುರುವಿಗೆ ನಾನೂ ಬೊಬ್ಬೆ ಹಾಕ್ತಿದ್ದೆ, ಹಛಾ ಹಛಾ ಅಂತ. ಎಂತದೂ ಇಲ್ಲ. ಮೊನ್ನೆ ಇವನ ಬೆನ್ನ ಹಿಂದೆ ನನ್ನ ಕೈಯಿಂದ ಕುಕ್ಕರಿನ ಮುಚ್ಚಳ ಬಿತ್ತು, ಕಿವಿ ಅಲ್ಲಾಡಿಸ್ಲಿಲ್ಲ. ಕೈ ತೋರಿಸಿದ್ರೆ ಸಾಕು. ನಮ್ಮವರ ಹಾಗೆಯೇ ಇವನು.” ಅವರು ನಕ್ಕರು. “ವೀಡಿಯೋ ಕಾಲಿನಲ್ಲಿ ಅರ್ಧ ದಿವಸ ಸ್ವರ ಇರುದಿಲ್ಲ, ಮುಖ ಮಾತ್ರ. ಊಟ ಆಯ್ತಾ, ಮಕ್ಕಳು ಮಲಗಿದ್ರಾ, ಎಲ್ಲ ಕೈಯಲ್ಲೇ. ಕೈಯಲ್ಲಿ ಮಾತಾಡಿ ಮಾತಾಡಿ ನಂಗೆ ಅಭ್ಯಾಸ.”

ಮನೆಗೆ ಬಂದು, ಬೊಳ್ಳು ಬಾಗಿಲ ಕಡೆ ನೋಡುತ್ತಿದ್ದಾಗ ಹಿಂದಿನಿಂದ ಚಪ್ಪಾಳೆ ತಟ್ಟಿದೆ. ಮತ್ತೆ ತಟ್ಟಿದೆ. ಗಾಳಿಗೆ ಅವನ ಬೆನ್ನ ಕೂದಲು ಅಲುಗಿತು, ಅಷ್ಟೇ. ನನಗೆ ಆಗ ಅನ್ನಿಸಿದ್ದು ದುಃಖ ಅಲ್ಲ, ಸಮಾಧಾನ. ಅವನು ನಮ್ಮನ್ನು ತಿರಸ್ಕರಿಸಿರಲೇ ಇಲ್ಲ.

ಅದನ್ನು ಮನೆಯವರಿಗೆ ತಿಳಿಸುವುದೇ ಕಷ್ಟವಾಯಿತು. ಭಾನುವಾರ ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಮಿಕ್ಸಿ ತಿರುಗುತ್ತಿತ್ತು, “ಮತ್ತೆ ಹೇಳು, ಮತ್ತೆ” ಎಂದಳು. ಅಜ್ಜಿಗೆ ಹೇಳಿದೆ.

“ಕೆಪ್ಪ ನಾಯಿಯನ್ನು ಆರಿಸಿ ತರ್ಲಿಕ್ಕೆ ನಂಗೆ ಮಂಡೆ ಸರಿ ಇಲ್ವಾ? ಹೋಗು ಆಚೆ!”

ಅಪ್ಪ ಮಾವನೊಡನೆ ಸಿಟೌಟಿನಲ್ಲಿ ಕೂತಿದ್ದರು. ಕೋಳಿಸಾರಿನ ಊಟ, ಜೋರು ನಗು, ಟೀವಿಯ ಗದ್ದಲ. ಬಾಗಿಲ ಬಳಿ ನಿಂತು ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ನೋಡುತ್ತಿದ್ದಂತೆಯೇ ಬೊಳ್ಳುವನ್ನು ಪಿಕಪ್ಪಿನ ಹಿಂದೆ ಹತ್ತಿಸಿ ಕಟ್ಟಿದರು. ಮಾವ ಚಾವಿ ತಿರುಗಿಸಿದರು. ಕೂಗಬೇಕಿತ್ತು. ಬೇರೆ ಯಾವ ಮಗುವಾದರೂ ಕೂಗುತ್ತಿತ್ತು. ನಾನು ಅಂಗಳಕ್ಕಿಳಿದು, ಗೇಟಿನ ನಡುವೆ, ಗಾಡಿಯ ಎದುರು ಹೋಗಿ ನಿಂತು, ಅಂಗೈ ಚಪ್ಪಟೆ ಮಾಡಿ ಮಾವನ ಮುಖಕ್ಕೆ ತೋರಿಸಿದೆ. ಗಾಡಿ ಮುಗ್ಗರಿಸಿ ನಿಂತಿತು. ಆಶ್ಚರ್ಯವೆಂದರೆ ಎಲ್ಲರ ಮಾತೂ ನಿಂತಿತು.

“ಎಂತ ಆಯ್ತು ನಿಂಗೆ?” ಅಪ್ಪ ಮೆಟ್ಟಿಲಿಳಿದು ನನ್ನ ಎದುರಿಗೇ ಬಂದು ಕೇಳಿದರು.

“ಅವನಿಗೆ ಕಿವಿ ಕೇಳುದಿಲ್ಲ ಅಪ್ಪ. ನೀವು ಕರೆದದ್ದು ಅವನಿಗೆ ಒಂದು ಸರ್ತಿಯೂ ಗೊತ್ತಾಗ್ಲಿಲ್ಲ.”

ಅಜ್ಜಿ ಒಳಗೆ ಹೋಗಿ ತಟ್ಟೆ, ಸೌಟು ತಂದಳು. ಅವಳ ಶಾಸ್ತ್ರದ ಪ್ರಶ್ನೆ ಅದು, ಸುಮ್ಮನಿರುವುದು ಸಾಧ್ಯವಿರಲಿಲ್ಲ. ಪಿಕಪ್ಪಿನ ಹಿಂದಕ್ಕೆ ಹೋಗಿ ಬೊಳ್ಳುವಿನ ಬೆನ್ನ ಹಿಂದೆ ನಿಂತು ತಟ್ಟೆ ಬಡಿದಳು. ಹಲಸಿನ ಮರದ ಕಾಗೆಗಳು ಹಾರಿದವು. ಮತ್ತೆ ಬಡಿದಳು. ಎದುರುಮನೆಯವರು ಹೊರಗೆ ಬಂದರು. ಬೊಳ್ಳು ಗೋಡೆಯ ಕಡೆಗೇ ನೋಡುತ್ತಿದ್ದ. ಅಲ್ಲಿ ಮೈಮೂನಕ್ಕ ನಿಂತಿದ್ದರು. ಅವರು ಅಂಗೈ ಎತ್ತಿದರು. ಬೊಳ್ಳು ಪಿಕಪ್ಪಿನಲ್ಲೇ ನೀಟಾಗಿ ಕೂತ.

ಅಪ್ಪ ಪಟ್ಟಿ ಕಟ್ಟಿದ್ದ ತಮ್ಮ ಕೈಯನ್ನು ನೋಡಿಕೊಂಡರು.

“ಹಾಗಾದ್ರೆ ಇಷ್ಟು ದಿವಸ ನಾನು ಕರೆದದ್ದು ಯಾರನ್ನು?”

“ಇಳಿಸಿ ಭಾವ,” ಮಾವ ಗಾಡಿಯಿಂದಿಳಿದು ಹಿಂದಿನ ಬಾಗಿಲು ತೆಗೆದರು. “ಇವನನ್ನು ನಾನು ಕೊಂಡೋಗುದು ಒಂದೇ, ಚಿರತೆಗೆ ಪಾರ್ಸೆಲ್ ಕೊಡುದು ಒಂದೇ.”

ಅಜ್ಜಿ ಮಾತ್ರ ಸೋಲಲಿಲ್ಲ. ತಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಒಳಗೆ ನಡೆದಳು.

“ನಾನು ಹೆದರದ ನಾಯಿ ಬೇಕು ಅಂತ ಹೋದದ್ದು. ಹೆದರದ ನಾಯಿಯೇ ಸಿಕ್ಕಿದ್ದು. ಕಿವಿಯ ವಿಷಯ ಯಾರಾದ್ರೂ ಹೇಳಿದ್ರಾ ನಂಗೆ?”

ಅಪ್ಪ ಗೋಡೆಯ ಬಳಿ ಹೋಗಿ ಮೈಮೂನಕ್ಕನಿಂದ ಆ ಸನ್ನೆ ಕಲಿತರು. ಅಂಗೈ ಚಪ್ಪಟೆಯಾದರೆ ನಿಲ್ಲು. ಬೆರಳುಗಳನ್ನು ತನ್ನ ಕಡೆಗೆ ಎರಡು ಸಲ ಮಡಚಿದರೆ ಬಾ. ಇದು ಅವರು ಮಕ್ಕಳನ್ನು ಫೋನಿನೆದುರು ಕರೆಯಲು ಬಳಸುತ್ತಿದ್ದ ಸನ್ನೆ. ಪಶು ಆಸ್ಪತ್ರೆಯ ಡಾಕ್ಟರು ನೋಡಿ, ಹುಟ್ಟಿನಿಂದಲೇ ಕೇಳಿಸದು, ಬಿಳಿ ಮೈ, ನೀಲಿ ಕಣ್ಣಿನ ಮರಿಗಳಲ್ಲಿ ಹೀಗಾಗುವುದುಂಟು, ಬೇರೆಲ್ಲ ಗಟ್ಟಿಯಾಗಿದ್ದಾನೆ ಎಂದರು. ಆಮೇಲೆ ಬೊಳ್ಳುವಿನ ಆರೈಕೆಯೇ ನಮ್ಮ ಮನೆಯ ನಡವಳಿಕೆಯನ್ನು ಒಂದೊಂದಾಗಿ ತಿದ್ದಿತು. ಮಲಗಿದವನನ್ನು ಮುಟ್ಟಬಾರದು, ಮೊದಲು ಮೂಗಿನ ಬಳಿ ಕೈ ಹಿಡಿದು ವಾಸನೆ ತಿಳಿಸಬೇಕು, ಕಣ್ಣು ತೆರೆದ ಮೇಲೆ ಭುಜ ಸವರಬೇಕು. ಅಂಗಳದ ಮೂಲೆಯಲ್ಲಿದ್ದರೆ ಸಿಟೌಟಿನ ದೀಪವನ್ನು ಹಾಕಿ ಆರಿಸಬೇಕು. ಚೈನಿಲ್ಲದೆ ಗೇಟಿನಾಚೆ ಬಿಡಬಾರದು. ಅವನ ಕುತ್ತಿಗೆಗೆ ಅಮ್ಮ ಗೆಜ್ಜೆ ಕಟ್ಟಿದಳು. ಅವನಿಗಾಗಿ ಅಲ್ಲ, ಅವನು ಎಲ್ಲಿದ್ದಾನೆಂದು ನಮಗೆ ತಿಳಿಯಲು. ಉಣ್ಣಿ ತೆಗೆಯುವ ಕೆಲಸ ನನ್ನದು. ಅವನ ಕಿವಿಗಳನ್ನು ಮಡಚಿ ಒಳಗೆ ನೋಡುವಾಗ, ಇಷ್ಟು ಚಂದದ ಕಿವಿಗಳಿಗೆ ಒಂದೇ ಒಂದು ಕೆಲಸವಿಲ್ಲವಲ್ಲ ಎಂದು ನಗು ಬರುತ್ತಿತ್ತು. ಕಾವಲಿನ ಕೆಲಸವನ್ನೂ ಅವನು ಬಿಡಲಿಲ್ಲ. ಅಪ್ಪ ಅವನ ಗೋಣಿಯನ್ನು ಗೇಟು ಕಾಣುವಂತೆ ತಿರುಗಿಸಿ ಹಾಕಿದ ಮೇಲೆ, ಎಚ್ಚರವಿದ್ದಾಗ ಕಣ್ಣಿಗೆ ಬಿದ್ದವರಿಗೆಲ್ಲ ಬೊಗಳಿದ. ಮಲಗಿದಾಗ ತಾಮ್ರವನ್ನು ದೇವರೇ ಕಾಯ್ದ.

ಅವನನ್ನು ಕರೆಯಬೇಕಾದರೆ ಎದ್ದು ಹೋಗಬೇಕಿತ್ತು. ಅವನ ಎದುರು ನಿಂತು, ಅವನು ನೋಡುವವರೆಗೆ ಕಾಯಬೇಕಿತ್ತು. ದಿನಕ್ಕೆ ಹತ್ತಾರು ಸಲ ಹಾಗೆ ಮಾಡಿದವರಿಗೆ ಅದು ಮೈಗಂಟಿತು. ಅಪ್ಪ ಚಹಾ ಬೇಕಾದರೆ ಅಡುಗೆಕೋಣೆಯ ಬಾಗಿಲಿಗೆ ಬರತೊಡಗಿದರು. ಬಂದವರು ಕೆಲವೊಮ್ಮೆ ಅಲ್ಲೇ ಮಣೆ ಎಳೆದು ಕೂತು ಅಮ್ಮನ ಜೊತೆ ಕುಡಿಯುತ್ತಿದ್ದರು. ಜಗಳಗಳು ನಿಲ್ಲಲಿಲ್ಲ, ಆದರೆ ಮುಖ ನೋಡಿ ಆಡಿದ ಜಗಳ ಬೇಗ ಮುಗಿಯುತ್ತಿತ್ತು. ಅಮ್ಮ ನನ್ನ ಕೋಣೆಗೆ ಬಂದು, ಮಂಚದ ಅಂಚಿನಲ್ಲಿ ಕೂತು, ಪರೀಕ್ಷೆ ಹೇಗಾಯಿತೆಂದು ಕೇಳಿದ ಸಂಜೆ ನಾನು ಎಷ್ಟೊಂದು ಮಾತಾಡಿದೆನೆಂದರೆ, ಅವಳು ಒಲೆಯ ಮೇಲೆ ಇಟ್ಟ ಹಾಲು ಮರೆತಳು. ನನಗೆ ಬಾಯಿ ಇಲ್ಲವೆಂದು ಆಮೇಲೆ ಯಾರೂ ಹೇಳಿದ್ದು ನೆನಪಿಲ್ಲ. ನಾನು ಬದಲಾದದ್ದು ಸ್ವಲ್ಪ. ಮನೆ ನನ್ನ ಹತ್ತಿರಕ್ಕೆ ಬಂದದ್ದು ಹೆಚ್ಚು. ಮುಟ್ಟದೆಯೂ ಒಂದು ಜೀವವನ್ನು ಗಮನಿಸಿ ಕಾಯಬಹುದೆಂದು ತೋರಿಸಿದ ಮೈಮೂನಕ್ಕನಿಗೆ ನಾನು ಋಣಿ. ಅದನ್ನು ಅವರಿಗೆ ಬಾಯಿಬಿಟ್ಟು ಹೇಳಿಲ್ಲ. ಗೋಡೆಯನ್ನು ಸರಿಮಾಡಿಸುವ ಮಾತು ಬಂದಾಗಲೆಲ್ಲ ಎರಡೂ ಮನೆಯವರು ಮುಂದಿನ ವರ್ಷ ನೋಡುವ ಎಂದುಬಿಡುತ್ತಾರೆ.

ಈಗ ಅಜ್ಜಿಗೂ ಕಿವಿ ಕೇಳಿಸುವುದಿಲ್ಲ. ಮೆಷಿನ್ ತರಿಸಿದ್ದೇವೆ, ಅದನ್ನು ಹಾಕಿದರೆ ಫ್ಯಾನಿನ ಶಬ್ದ ಮಾತ್ರ ದೊಡ್ಡದಾಗಿ ಕೇಳುತ್ತದೆಂದು ಬಳೆಯ ಡಬ್ಬಿಯೊಳಗೆ ಇಟ್ಟಿದ್ದಾಳೆ. ಬೇರೆ ಮನೆಗಳಲ್ಲಿ ಹಿರಿಯರ ಕಿವಿ ಹೋದರೆ ಎಲ್ಲರೂ ಕಿರುಚತೊಡಗುತ್ತಾರೆ. ನಮ್ಮಲ್ಲಿ ಯಾರೂ ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ಕಳೆದ ಸಲ ವಿಶ್ವವಿದ್ಯಾನಿಲಯದ ಹಾಸ್ಟೆಲಿನಿಂದ ಹೇಳದೆ ಬಂದಾಗ ಮಧ್ಯಾಹ್ನವಾಗಿತ್ತು. ಗೇಟು ಕಿರ್ರೆಂದರೂ ಸಿಟೌಟಿನ ಕುರ್ಚಿಯಲ್ಲಿದ್ದ ಅಜ್ಜಿ ತಿರುಗಲಿಲ್ಲ. ಕುಸಿದ ಗೋಡೆಯ ಬಳಿ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ ಮುದಿ ಬೊಳ್ಳುವೂ ತಿರುಗಲಿಲ್ಲ. ಇಬ್ಬರೂ ಬೆಚ್ಚಬಾರದೆಂದು ನಾನು ಅಂಗಳದ ಬದಿಯಿಂದ ಸುತ್ತಿ, ಇಬ್ಬರ ಕಣ್ಣಿಗೂ ಬೀಳುವಲ್ಲಿ ಹೋಗಿ ನಿಂತು ಕಾದೆ. ಅಜ್ಜಿ ನೋಡಿದಳು. ಮುಖ ಅರಳಿತು. ಕೈ ಎತ್ತಿ, ಬೆರಳುಗಳನ್ನು ತನ್ನ ಕಡೆಗೆ ಎರಡು ಸಲ ಮಡಚಿದಳು. ಯಾರನ್ನು ಕರೆದದ್ದೆಂದು ತಿಳಿಯದೆ ಬೊಳ್ಳುವೂ ನಾನೂ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಆಮೇಲೆ ಇಬ್ಬರೂ ಹೋದೆವು.